ಹಳೇ ಸಾಫ್ಟ್‌ವೇರ್ ಒಗದು ಹೊಸಾದು ಹಾಕೂದೋ, ಎರಡೂ ಜೋಡಸೂದೋ? ಗದಗಿನ ದವಾಖಾನಿಯ ಪ್ರಶ್ನೆಗೆ ಉತ್ತರ

ಪ್ರಶ್ನೆ: ನಮ್ದು ಗದಗಿನ್ಯಾಗ 60 ಬೆಡ್ಡಿನ ದವಾಖಾನಿ ಐತ್ರಿ, ಆಫೀಸು ನಾನ ನೋಡ್ಕೋತೀನಿ. 2007 ರಾಗ ಊರಿನ ಹುಡುಗ ಒಬ್ಬ ವಿಬಿ6 (ಪ್ರೋಗ್ರಾಮ್ ಬರಿಯೂ ಭಾಷೆ) ಮತ್ತ ಆಕ್ಸೆಸ್ (ಡೇಟಾ ಇಡೂ ಮೈಕ್ರೋಸಾಫ್ಟ್ ಸಾಫ್ಟ್‌ವೇರ್) ಒಳಗ ಮಾಡಿಕೊಟ್ಟ ರಜಿಸ್ಟ್ರೇಷನ್, ಬಿಲ್ಲಿಂಗ್ ಸಾಫ್ಟ್‌ವೇರ್ ಇವತ್ತಿಗೂ ನಡದೈತಿ. ಲ್ಯಾಬಿಗೆ ಬ್ಯಾರೆ, ಎಕ್ಸ್‌ರೇಗೆ ಬ್ಯಾರೆ. ಈಗ ಎಬಿಡಿಎಂ (ಪೇಶಂಟ್ ರೆಕಾರ್ಡ್ ಡಿಜಿಟಲ್ ಆಗಿ ಜೋಡಸೂ ಕೇಂದ್ರ ಸರಕಾರದ ಯೋಜನಾ) ಸಲುವಾಗಿ ಹೊಸಾ ಎಚ್‌ಐಎಸ್, ಅಂದ್ರ ಇಡೀ ದವಾಖಾನಿ ಕೆಲಸ ನೋಡ್ಕೊಳ್ಳೂ ಸಾಫ್ಟ್‌ವೇರ್, ತಗೊಂಡೀವಿ. ವೆಂಡರ್‌ನವರು ಹಳೇದೆಲ್ಲಾ ಬಂದ್ ಮಾಡ್ರಿ, ಡೇಟಾ ನಾವು ಒಂದ ರಾತ್ರ್ಯಾಗ ಎತ್ತಿ ಹಾಕ್ತೀವಿ ಅಂತಾರ. ನಮ್ಮ ದೊಡ್ಡ ಡಾಕ್ಟರು ಹಳೇದನ್ನ ಮುಟ್ಟಬ್ಯಾಡ್ರಿ ಅಂತಾರ. ಏನ್ ಮಾಡೂದ್ರಿ? ಹಳೇದು ಬರದ ಹುಡುಗ ಈಗ ಪುಣೆದಾಗ ಅದಾನ, ಅವನ್ನ ಕರಸೂದು ಬೇಕೇನು?

ಉತ್ತರ:

ಅಕ್ಕಾರ, ಒಂದ ರಾತ್ರ್ಯಾಗ ಎತ್ತಿ ಹಾಕ್ತೀವಿ ಅನ್ನೂ ಮಾತನ್ನ ಮೊದಲ ತಲ್ಯಾಗಿಂದ ತಗೀರಿ. ನಾನು ಹುಬ್ಬಳ್ಳಿ, ಧಾರವಾಡ, ಹಾವೇರಿ ಕಡೆ ದವಾಖಾನಿಗಳಾಗ ಇದ ಕೆಲಸ ಮಾಡಾಕತ್ತು ಹದಿನೇಳು ವರ್ಷ ಆತು, ಒಂದ ರಾತ್ರ್ಯಾಗ ಸುಸೂತ್ರ ಮುಗದದ್ದು ಒಂದೂ ನೋಡಿಲ್ಲ. ಹಂಗಂತ ದೊಡ್ಡ ಡಾಕ್ಟರು ಹೇಳಿದಂಗ ಮುಟ್ಟದ ಬಿಟ್ರೂ ನಡಿಯೂದಿಲ್ಲ. ವಿಬಿ6 ಬಂದದ್ದು 1998 ರಾಗ, ಮೈಕ್ರೋಸಾಫ್ಟ್ ಅದಕ್ಕ ಸಪೋರ್ಟ್ ನಿಲ್ಲಿಸಿದ್ದು 2008 ರಾಗ, ಆಕ್ಸೆಸ್ ಫೈಲು 2 ಜಿಬಿ ಮುಟ್ಟಿತಂದ್ರ ಮುಂದ ಒಂದು ಸಾಲೂ ತಗೊಳ್ಳೂದಿಲ್ಲ. ನಿಮ್ಮ ಫೈಲ್ ಎಷ್ಟಾಗೈತಿ ಅಂತ ಇವತ್ತ ಪ್ರಾಪರ್ಟೀಸ್ ಒಳಗ ನೋಡ್ರಿ, ಒಂದೂವರಿ ಜಿಬಿ ದಾಟಿತ್ತಂದ್ರ ನಿಮ್ಮ ಕಡೆ ಟೈಮ್ ಭಾಳ ಇಲ್ಲ.

ಮಾಡಬೇಕಾದ್ದು ಏನಂದ್ರ, ಕೆಲವು ತಿಂಗಳು ಎರಡನ್ನೂ ಜೋಡಿಲೆ ನಡಸಬೇಕು, ನಡುವ ಒಂದು ಬ್ರಿಡ್ಜ್, ಅಂದ್ರ ಒಂದರ ಮಾಹಿತಿ ಇನ್ನೊಂದಕ್ಕ ಮುಟ್ಟಸೂ ಪ್ರೋಗ್ರಾಮು, ಇರಬೇಕು, ಹಳೇದರ ಕೆಲಸ ಒಂದೊಂದ ತಗದು ಹೊಸಾದಕ್ಕ ಸರಸ್ಕೋತ ಹೋಗಬೇಕು. ಆದ್ರ ಬ್ರಿಡ್ಜ್ ಅಂದ್ ಕೂಡ್ಲೆ ಎಲ್ಲಾರೂ ವೈರು, ಸರ್ವರು, ಎಪಿಐ ಅಂತ ಮಾತಾಡಾಕ ಶುರು ಮಾಡ್ತಾರ. ಅದು ಸಣ್ಣ ಕೆಲಸರಿ. ಮೊದಲ ಒಂದು ದೊಡ್ಡ ಹಾಳಿ ತಗೊಂಡು ದವಾಖಾನ್ಯಾಗ ಹುಟ್ಟೂ ಒಂದೊಂದು ಮಾಹಿತಿಗೆ ಮಾಲಕ ಯಾರು ಅಂತ ಬರೀರಿ. ಪೇಶಂಟ್ ಹೆಸರು, ವಯಸ್ಸು, ವಿಳಾಸಕ್ಕ ಮಾಲಕ ಯಾವ ಸಾಫ್ಟ್‌ವೇರು? ಲ್ಯಾಬ್ ರಿಸಲ್ಟಿಗೆ ಯಾವ್ದು? ಬಿಲ್ಲಿಗೆ ಯಾವ್ದು? ಬೆಡ್ ಖಾಲಿ ಐತೋ ಇಲ್ಲೋ ಅನ್ನೂದಕ್ಕ ಯಾವ್ದು? ಒಂದಕ್ಕ ಒಬ್ಬನ ಮಾಲಕ ಇರಬೇಕು, ಬದಲಿ ಮಾಡೂ ಹಕ್ಕು ಅವಂದ ಅಷ್ಟ, ಉಳದವರು ತಗೊಂಡು ನೋಡಬಹುದು, ತಿದ್ದಂಗಿಲ್ಲ. ಎರಡೂ ಕಡೆ ತಿದ್ದಾಕ ಬಿಟ್ರಂದ್ರ ಓಪಿಡಿ ಕೌಂಟರಿನ್ಯಾಗ ಫೋನ್ ನಂಬರ್ ಬದಲಿ ಮಾಡ್ತಾರ, ಅದ ಹೊತ್ತಿಗೆ ಬಿಲ್ಲಿಂಗಿನವರು ಹಳೇ ನಂಬರ್ ಇರೂ ಸಾಲನ್ನ ಸೇವ್ ಮಾಡ್ತಾರ, ಸಂಜೀಕ ಯಾವ್ದು ಖರೇ ಅಂತ ಯಾರಿಗೂ ಗೊತ್ತಾಗೂದಿಲ್ಲ. ಆಮ್ಯಾಲೆ ಹಳೇ ಸಾಫ್ಟ್‌ವೇರಿನವರು ಹೊಸಬರ ಮ್ಯಾಲೆ, ಹೊಸಬರು ಹಳಬರ ಮ್ಯಾಲೆ, ಗಂಡ ಹೆಂಡಿರ ಜಗಳದಾಗ ಕೂಸು ಬಡವಾದಂಗ ನಡುವ ಪೇಶಂಟ್ ಸಿಗಾಕ್ಕೋತಾನ.

ಎಲ್ಲಕ್ಕಿಂತ ತ್ರಾಸ ಕೊಡೂದು ಪೇಶಂಟ್ ಯಾರು ಅನ್ನೂದು. ನಮ್ಮ ಕಡೆ ಬಸವರಾಜ ಅನ್ನೂ ಒಂದ ಹೆಸರನ್ನ ಇಂಗ್ಲಿಷಿನ್ಯಾಗ ನಾಕೈದು ಥರಾ ಟೈಪ್ ಮಾಡ್ತಾರ. ಹೆಣ್ಣಮಕ್ಕಳದು ಮದುವಿಗಿಂತ ಮೊದಲು ಅಪ್ಪನ ಹೆಸರು, ಆದಮ್ಯಾಲೆ ಗಂಡನ ಹೆಸರು, ಕೆಲವು ಮನಿತನದಾಗ ಅಕಿ ಹೆಸರ ಬದಲಿ ಮಾಡಿರ್ತಾರ. ಫೋನ್ ನಂಬರ್ ಮನಿಗೆಲ್ಲಾ ಒಂದ ಇರ್ತೈತಿ, ಅದೂ ಮಗನ ಹೆಸರಿನ್ಯಾಗ. 2007 ರ ಸಾಫ್ಟ್‌ವೇರಿನ್ಯಾಗ ಹುಟ್ಟಿದ ತಾರೀಖು ಹಾಕೂ ಜಾಗಾನ ಇರೂದಿಲ್ಲ, ವಯಸ್ಸು ಅಂತ ಅಷ್ಟ ಇರ್ತೈತಿ, ಅವತ್ತ 45 ಅಂತ ಬರಸಿದ ಮನಷ್ಯಾ ಡೇಟಾದಾಗ ಇನ್ನೂ 45 ಅದಾನ. ಅದನ್ನ ಎತ್ತಿ ಹೊಸಾದಕ್ಕ ಹಾಕೂ ಮುಂದ ಇವತ್ತಿನ ತಾರೀಖಿನಿಂದ 45 ವರ್ಷ ಹಿಂದ ಲೆಕ್ಕ ಹಾಕಿದ್ರ ಹದಿನೆಂಟು, ಹತ್ತೊಂಬತ್ತು ವರ್ಷ ತಪ್ಪಿಹೋಗ್ತೈತಿ, ಅವರು ಮೊದಲು ರಜಿಸ್ಟರ್ ಆದ ತಾರೀಖಿನಿಂದ ಲೆಕ್ಕ ಹಾಕಬೇಕು, ಹಾಕಿ ಅದರ ಮುಂದ ಅಂದಾಜು ಅಂತ ಒಂದು ಗುರ್ತನೂ ಇಡಬೇಕು.

ವಿಳಾಸದ್ದು ಇನ್ನೊಂದು ಕಥಿ. ಗದಗ ಮತ್ತ ಹಾವೇರಿ ಬ್ಯಾರೆ ಜಿಲ್ಲಾ ಆದದ್ದು 1997 ರಾಗ. ಹಳೇ ರಜಿಸ್ಟರ್ ನೋಡಿ ಎಂಟ್ರಿ ಮಾಡಿದವರು ತಾಲೂಕು ಗದಗ, ಜಿಲ್ಲಾ ಧಾರವಾಡ ಅಂತನ ಹಾಕಿರ್ತಾರ, ಹೊಸಾ ಎಚ್‌ಐಎಸ್ ಲಿಸ್ಟಿನ್ಯಾಗ ಧಾರವಾಡ ಜಿಲ್ಲಾದ ಕೆಳಗ ಗದಗ ಇರೂದಿಲ್ಲ, ಅದು ಎರರ್ ಕೊಡ್ತೈತಿ ಇಲ್ಲಾ ಸುಮ್ನ ಖಾಲಿ ಬಿಟ್ಟು ಮುಂದ ಹೋಗ್ತೈತಿ. ಸುಮ್ನ ಖಾಲಿ ಬಿಡೂದ ಹೆಚ್ಚು ಕೆಟ್ಟದ್ದು. 2014 ರ ನವೆಂಬರ್ 1 ಕ್ಕ ಹುಬ್ಳಿ ಹುಬ್ಬಳ್ಳಿ ಆತು, ಬೆಳಗಾಂ ಬೆಳಗಾವಿ ಆತು, ಅವಕ್ಕೂ ಹಳೇ ಹೆಸರು ಹೊಸಾ ಹೆಸರು ಅಂತ ಒಂದು ಪಟ್ಟಿ ಮಾಡಿ ಇಟ್ಕೋಬೇಕು.

ಮತ್ತ ಕನ್ನಡದಾಗ ಟೈಪ್ ಮಾಡಿದ ಡೇಟಾ ಇದ್ರ ಜ್ವಾಕಿರಿ. ಆ ಕಾಲದಾಗ ಇದ್ದದ್ದು ನುಡಿ, ಬರಹ ಅನ್ನೂ ಕನ್ನಡ ಟೈಪಿಂಗ್ ಸಾಫ್ಟ್‌ವೇರಿನ ಹಳೇ ಫಾಂಟು, ಅಂದ್ರ ಯುನಿಕೋಡ್ (ಇವತ್ತ ಎಲ್ಲಾ ಕಂಪ್ಯೂಟರಿಗೂ ತಿಳಿಯೂ ಅಕ್ಷರ ಪದ್ಧತಿ) ಅಲ್ಲ. ಪರದೆ ಮ್ಯಾಲೆ ಕನ್ನಡ ಕಂಡ್ರೂ ಫೈಲಿನ ಒಳಗ ಇರೂದು ಮ್ಯಾಲೆ ಚುಕ್ಕಿ, ಗೀಟು ಇರೂ ಇಂಗ್ಲಿಷ್ ಅಕ್ಷರ. ಕನ್ವರ್ಟರ್ ಅದಾವು, ಕೆಲಸಾನೂ ಮಾಡ್ತಾವು, ಆದ್ರ ಅರ್ಕಾವತ್ತು ಬಂದಲ್ಲೆ ಎಡವ್ತಾವು. ಹಳೇ ಫಾಂಟಿನ್ಯಾಗ ಅರ್ಕಾವತ್ತು ಅಕ್ಷರ ಆದಮ್ಯಾಲೆ ಕುಂಡ್ರತೈತಿ, ಯುನಿಕೋಡಿನ್ಯಾಗ ರ್ ಮೊದಲು ಬರಬೇಕು. ಮ್ಯಾಲಾಗಿ ಭಾಳ ಮಂದಿ ಅರ್ಕಾವತ್ತಿನ ಬದಲಿ ಕನ್ನಡದ ಒಂಬತ್ತನ್ನ ಒತ್ತಿರ್ತಾರ, ಕುಲಕರ್ಣಿ ಅಂತ ಇದ್ದದ್ದು ಕುಲಕಣಿ೯ ಆಗಿ ಕುಂತಿರ್ತೈತಿ, ಆಮ್ಯಾಲೆ ಕುಲಕರ್ಣಿ ಅಂತ ಹುಡುಕಿದ್ರ ಸಿಗೂದಿಲ್ಲ, ಪೇಶಂಟ್ ಹೊಸಬ ಅಂತ ಇನ್ನೊಂದು ನಂಬರ್ ಕೊಟ್ಟ ಬಿಡ್ತಾರ.

ಹಿಂಗಾಗಿ ಒಬ್ಬರಿಗೇ ಎರಡು ಮೂರು ನಂಬರ್ ಇರ್ತಾವು. ಅವನ್ನ ಒಂದು ಮಾಡೂದು, ಅಂದ್ರ ಮರ್ಜ್, ಕಂಪ್ಯೂಟರಿಗೆ ಬಿಡಬ್ಯಾಡ್ರಿ ಅಂತ ನಾನು ಕೈ ಮುಗದು ಹೇಳ್ತೀನಿ. ಹೆಸರು, ಊರು, ವಯಸ್ಸು ಹೊಂದಿದ್ರೂ ಅವರು ಇಬ್ಬರು ಬ್ಯಾರೆ ಬ್ಯಾರೆ ಮಂದಿ ಆಗಿರಬಹುದು. ಒಬ್ಬರಿಗೆ ಎರಡು ಫೈಲ್ ಇದ್ರ ಹಳೇ ರಿಪೋರ್ಟ್ ಸಿಗಲಿಲ್ಲ ಅನ್ನೂ ತ್ರಾಸ ಆಗ್ತೈತಿ, ಇಬ್ಬರದು ಒಂದ ಫೈಲ್ ಆತಂದ್ರ ಒಬ್ಬನ ಬ್ಲಡ್ ಗ್ರೂಪ್, ಅಲರ್ಜಿ ಇನ್ನೊಬ್ಬನ ಹೆಸರಿನ್ಯಾಗ ಕುಂಡ್ರತೈತಿ. ಕಂಪ್ಯೂಟರ್ ಇವರು ಒಬ್ಬರ ಇರಬಹುದು ಅಂತ ಪಟ್ಟಿ ಅಷ್ಟ ಕೊಡ್ಲಿ, ಪೇಶಂಟ್ ಕೌಂಟರಿಗೆ ಬಂದಾಗ ಎದುರಿಗೆ ನಿಂತ ಮನಷ್ಯಾನ್ನ ಕೇಳಿ, ಹಳೇ ಕೇಸ್ ಪೇಪರ್ ಇದ್ರ ನೋಡಿ, ಕ್ಲರ್ಕ್ ಒಂದು ಮಾಡ್ಲಿ. ಒಂದು ಮಾಡಿದ್ದು ತಪ್ಪಾದ್ರ ಮತ್ತ ಬಿಡಿಸಾಕ ಬರ್ತೈತೇನು ಅಂತ ವೆಂಡರನ್ನ ಕೇಳ್ರಿ, ಬರೂದಿಲ್ಲಂದ್ರ ಆ ಬಟನ್ನ ಬಂದ್ ಇಡಸ್ರಿ.

ಈಗ ಬ್ರಿಡ್ಜ್ ಬಗ್ಗೆ. ದವಾಖಾನಿ ಸಾಫ್ಟ್‌ವೇರ್‌ಗಳು ಮಾತಾಡೂ ಭಾಷೆಗೆ ಎಚ್‌ಎಲ್7 ಅಂತಾರ, ಅದನ್ನ ಮಾಡಿದ ಅದ ಹೆಸರಿನ ಸಂಸ್ಥೆ 1987 ರಾಗ ಅಮೆರಿಕಾದಾಗ ಶುರು ಆತು. ಅದರ ಎರಡನೇ ಆವೃತ್ತಿಯ ಮೆಸೇಜು ನೋಡಾಕ ಭಾಳ ಸಾದಾ, ನಿಂತ ಗೀಟು ಹಾಕಿ ಹಾಕಿ ಮಾಹಿತಿ ಬರದಿರ್ತಾರ, ಪಿಐಡಿ ಅನ್ನೂ ಸಾಲಿನ್ಯಾಗ ಪೇಶಂಟ್ ವಿವರ, ಓಬಿಎಕ್ಸ್ ಅನ್ನೂ ಸಾಲಿನ್ಯಾಗ ರಿಸಲ್ಟು. ಮೆಸೇಜ್ ಯಾತರದು ಅನ್ನೂದಕ್ಕ ಒಂದು ಕೋಡ್ ಇರ್ತೈತಿ, ಓಪಿಡಿ ರಜಿಸ್ಟರ್ ಆದ್ರ ಎ04, ಅಡ್ಮಿಟ್ ಆದ್ರ ಎ01, ಡಿಸ್ಚಾರ್ಜ್ ಆದ್ರ ಎ03, ಎರಡು ನಂಬರ್ ಒಂದು ಮಾಡಿದ್ರ ಎ40. ಇಷ್ಟು ಹಳೇದಾದ್ರೂ ದವಾಖಾನಿ ಒಳಗ ಇವತ್ತಿಗೂ ಹೆಚ್ಚು ನಡಿಯೂದು ಇದ. ಹೊಸಾದರ ಹೆಸರು ಫೈರ್, ಅದು ವೆಬ್ಬಿನ ರೀತಿ ಕೆಲಸ ಮಾಡ್ತೈತಿ, ಎಬಿಡಿಎಂ ಕೇಳೂದು ಅದರ ಆರ್4 ಆವೃತ್ತಿ. ನಿಮ್ಮ ಆಕ್ಸೆಸ್ ಸಾಫ್ಟ್‌ವೇರಿಗೆ ಈ ಎರಡೂ ಬರೂದಿಲ್ಲ, ಬರೂದೂ ಬೇಕಾಗಿಲ್ಲ, ಬ್ರಿಡ್ಜ್ ಅವರ ನಡುವ ದುಭಾಷಿ ಇದ್ದಂಗ. ಮಿರ್ತ್ ಕನೆಕ್ಟ್ ಅಂತ ಒಂದು ಬ್ರಿಡ್ಜ್ ಸಾಫ್ಟ್‌ವೇರ್ ಭಾಳ ವರ್ಷ ಫ್ರೀ ಇತ್ತು, 2025 ರಾಗ 4.6 ರಿಂದ ಮುಂದಿನ ಆವೃತ್ತಿಗಳಿಗೆ ಲೈಸೆನ್ಸ್ ರೊಕ್ಕ ಕೊಡಬೇಕು ಅಂತ ಮಾಡಿದ್ರು. ವೆಂಡರ್ ಅದನ್ನ ಫ್ರೀ ಅಂತ ಹೇಳಿ ಹಾಕಾಕತ್ತಿದ್ರ ಯಾವ ಆವೃತ್ತಿ ಅಂತ ಕೇಳಿ ಬರಸ್ಕೋರಿ.

ಒಂದು ಮಾತು ಖಡಾಖಂಡಿತ ಹೇಳ್ತೀನಿ, ಹಳೇ ಆಕ್ಸೆಸ್ ಟೇಬಲ್ಲಿನ್ಯಾಗ ಹೊರಗಿನ ಪ್ರೋಗ್ರಾಮಿಂದ ನೇರ ಬರಸಬ್ಯಾಡ್ರಿ. ಓದಾಕ ಅಡ್ಡಿ ಇಲ್ಲ, ಅದೂ ನಡಿಯೂ ಫೈಲಿನಿಂದ ಅಲ್ಲ, ಅದರ ಕಾಪಿಯಿಂದ. ಆ ಕಾಲದ ಸಾಫ್ಟ್‌ವೇರಿನ್ಯಾಗ ನಿಯಮ ಎಲ್ಲಾ ಸೇವ್ ಬಟನ್ನಿನ ಹಿಂದ ಬರದ ಕೋಡಿನ್ಯಾಗ ಇರ್ತಾವು, ರಸೀದಿ ನಂಬರ್ ಹೆಚ್ಚು ಮಾಡೂದು, ಬೆಡ್ ಚಾರ್ಜ್ ಶುರು ಮಾಡೂದು, ಡಾಕ್ಟರ ಪಾಲು ಲೆಕ್ಕ ಹಾಕೂದು, ಎಲ್ಲಾ ಅಲ್ಲೆ. ನೀವು ಬಾಜೂಕ ನಿಂತು ಟೇಬಲ್ಲಿಗೆ ಒಂದು ಸಾಲು ತುರುಕಿದ್ರ ಆ ಕೋಡ್ ನಡಿಯೂದ ಇಲ್ಲ, ಎರಡು ಬಿಲ್ಲಿಗೆ ಒಂದ ನಂಬರ್ ಬರ್ತೈತಿ, ತಿಂಗಳ ಕೊನಿಗೆ ಲೆಕ್ಕ ಹೊಂದೂದಿಲ್ಲ.

ಲ್ಯಾಬಿನ ವಿಷಯ ನಾನು ಸ್ವಲ್ಪ ಉದ್ದಕ್ಕ ಬರೀತೀನಿ, ಯಾಕಂದ್ರ ಅಲ್ಲೆ ನನ್ನ ಕೈಯಿಂದ ಒಮ್ಮೆ ತಪ್ಪಾಗೈತಿ. ಹುಬ್ಬಳ್ಳಿ ಕಡೆ ಒಂದು ದವಾಖಾನ್ಯಾಗ, ಮಳಿಗಾಲ, ಡೆಂಗಿ ಕೇಸು ದಿನಾ ಬರ್ತಿದ್ವು. ರಕ್ತ ಎಣಿಸೂ ಮಷೀನು ಪ್ಲೇಟ್ಲೆಟ್ 86 ಅಂತ ಕಳಸ್ತಿತ್ತು, ಅಂದ್ರ ಒಂದು ಮೈಕ್ರೋಲೀಟರಿಗೆ 86 ಸಾವಿರ. ನಮ್ಮ ಡಾಕ್ಟರು ಪ್ಲೇಟ್ಲೆಟ್ ಮಾತಾಡೂದು ಲಕ್ಷದಾಗ, ಅದಕ್ಕ ಹಳೇ ಲ್ಯಾಬ್ ಸಾಫ್ಟ್‌ವೇರು ಅದನ್ನ ನೂರರಿಂದ ಭಾಗಿಸಿ 0.86 ಅಂತ ಟೇಬಲ್ಲಿನ್ಯಾಗ ಇಟ್ಟು, ಪ್ರಿಂಟ್ ತಗಿಯೂ ಮುಂದ ಹಾಳಿ ಮ್ಯಾಲೆ ಲಕ್ಷ ಅನ್ನೂ ಶಬ್ದ ಹಾಕ್ತಿತ್ತು. ಟೇಬಲ್ಲಿನ ಯುನಿಟ್ ಕಾಲಮ್ ಖಾಲಿ. ನಾನು ಬರದ ಬ್ರಿಡ್ಜು ಆ ಟೇಬಲ್ಲಿನಿಂದ 0.86 ತಗೊಂಡು ಹೊಸಾ ಎಚ್‌ಐಎಸ್‌ಗೆ ಕಳಸ್ತು, ಅದು ಯುನಿಟ್ ಇಲ್ಲಂದ್ರ ಸಾವಿರ ಅಂತ ತಿಳ್ಕೊಂಡು 860 ಮಾಡ್ತು. ಎರಡೂ ಮುಕ್ಕಾಲು ಲಕ್ಷ ಇರೂ ಗಟ್ಟಿ ಮನಷ್ಯಾಗೂ 2,750 ಅಂತ ತೋರಿಸಿ ಕೆಂಪು ಗುರ್ತು ಬಂತು. ಮೊದಲ ದಿನ ಸಿಸ್ಟರ್‌ಗಳು ಗಾಬರಿ ಆಗಿ ಓಡಾಡಿದ್ರು, ಎರಡನೇ ದಿನ ಲ್ಯಾಬಿಗೆ ಫೋನ್ ಮಾಡಿ ಕೇಳಿದ್ರು, ಮೂರನೇ ದಿನಕ್ಕ ಕೆಂಪು ಗುರ್ತು ನೋಡೂದ ಬಿಟ್ರು. ಅವತ್ತ ಸಂಜೀಕ ಹೆಣ್ಣಮಗಳೊಬ್ಬಾಕಿದು ಖರೇನ 18 ಸಾವಿರಕ್ಕ ಇಳದಿತ್ತು, ಅದೂ ಉಳದ ಕೆಂಪಿನ ಸಾಲಿನ್ಯಾಗ ಒಂದಾಗಿ ಕುಂತಿತ್ತು. ಲ್ಯಾಬಿನ ಟೆಕ್ನಿಷಿಯನ್ ಮೊದಲಿಂದ ಇದ್ದ ರೂಢಿ ಪ್ರಕಾರ ವಾರ್ಡಿಗೆ ಫೋನ್ ಹಚ್ಚಿ ಬಾಯಿಲೆ ಹೇಳಿದ್ರು, ಅದಕ್ಕ ಡಾಕ್ಟರು ಟೈಮಿಗೆ ನೋಡಿದ್ರು. ಆ ಫೋನ್ ಬರದಿದ್ರ ಏನಾಗ್ತಿತ್ತು ಅಂತ ನನಗ ಇವತ್ತಿಗೂ ನೆನಪಾಗ್ತೈತಿ.

ಅವತ್ತಿನಿಂದ ನಾನು ಒಂದೊಂದು ಟೆಸ್ಟಿಗೆ ಒಂದು ಸಾಲಿನಂತೆ ಹಾಳಿ ಮಾಡದ ಬ್ರಿಡ್ಜ್ ಚಾಲೂ ಮಾಡೂದಿಲ್ಲ. ಮಷೀನು ಕಳಸೂ ಅಂಕಿ, ಅದರ ಯುನಿಟ್, ಹಳೇ ಸಾಫ್ಟ್‌ವೇರ್ ಏನರ ಗುಣಿಸಿ ಭಾಗಿಸಿ ಮಾಡ್ತೈತೇನು, ಹೊಸಾದಕ್ಕ ಏನು ಹೋಗಬೇಕು, ನಾರ್ಮಲ್ ರೇಂಜ್ ಎಷ್ಟು, ಲಾಯಿಂಕ್ ಕೋಡ್ ಯಾವ್ದು. ಲಾಯಿಂಕ್ ಅಂದ್ರ ಟೆಸ್ಟುಗಳಿಗೆ ಜಗತ್ತಿನ್ಯಾಗೆಲ್ಲಾ ಒಂದ ನಂಬರ್ ಇರಲಿ ಅಂತ 1994 ರಾಗ ಅಮೆರಿಕಾದ ರೀಗನ್‌ಸ್ಟ್ರೀಫ್ ಸಂಸ್ಥೆಯವರು ಶುರು ಮಾಡಿದ ಪಟ್ಟಿ, ಮಷೀನಿನಿಂದ ಎಣಿಸಿದ ಪ್ಲೇಟ್ಲೆಟ್ಟಿಗೆ ಅದರಾಗ 777-3, ಹಿಮೋಗ್ಲೋಬಿನ್ನಿಗೆ 718-7. ಯುನಿಟ್ ಖಾಲಿ ಬಂದ ರಿಸಲ್ಟನ್ನ ಬ್ರಿಡ್ಜ್ ಮುಂದ ಬಿಡಬಾರದು, ತಡದು ನಿಲ್ಲಸಬೇಕು. ಹಾಳಿ ಮ್ಯಾಲೆ ನಿಮ್ಮ ಪ್ಯಾಥಾಲಜಿಸ್ಟ್ ಸಹಿ ಮಾಡ್ಲಿ. ಆಮ್ಯಾಲೆ ಇಪ್ಪತ್ತೈದು ಹಳೇ ರಿಪೋರ್ಟ್ ಪ್ರಿಂಟ್ ತಗೊಂಡು ಹೊಸಾ ಪರದೆ ಬಾಜೂಕ ಹಿಡದು ಒಂದೊಂದು ಅಂಕಿ ಬಟ್ಟ ಇಟ್ಟು ನೋಡ್ರಿ, ಅದರಾಗ ನಾಕೈದು ಭಾಳ ಕಡಿಮಿ, ಭಾಳ ಹೆಚ್ಚು ಇದ್ದ ರಿಪೋರ್ಟ್ ಇರಲೇಬೇಕು. ಮತ್ತ ಎಷ್ಟ ಹೊಸಾ ಸಿಸ್ಟಮ್ ಬಂದ್ರೂ ಲ್ಯಾಬಿನಿಂದ ವಾರ್ಡಿಗೆ ಹೋಗೂ ಆ ಫೋನನ್ನ ನಿಲ್ಲಸಬ್ಯಾಡ್ರಿ.

ಇನ್ನೊಂದು, ತಿದ್ದಿದ ರಿಪೋರ್ಟ್. ಲ್ಯಾಬಿನವರು ಒಮ್ಮೆ ರಿಸಲ್ಟ್ ಕೊಟ್ಟು ಮತ್ತ ಚೆಕ್ ಮಾಡಿ ಬದಲಿ ಮಾಡ್ತಾರ. ಎಚ್‌ಎಲ್7 ಒಳಗ ರಿಸಲ್ಟಿನ ಸಾಲಿನ ಹನ್ನೊಂದನೇ ಜಾಗಾದಾಗ ಫೈನಲ್ ಆದ್ರ ಎಫ್, ತಿದ್ದಿದ್ದಾದ್ರ ಸಿ ಅಂತ ಬರ್ತೈತಿ. ಕೆಲವು ಬ್ರಿಡ್ಜ್‌ಗಳು ಈ ಆರ್ಡರಿಗೆ ರಿಸಲ್ಟ್ ಆಗಲೇ ಬಂದೈತಿ ಅಂತ ಎರಡನೇದನ್ನ ಡೂಪ್ಲಿಕೇಟ್ ಅಂತ ಒಗೀತಾವು. ಲ್ಯಾಬಿನ್ಯಾಗ ಸರಿ ಇರ್ತೈತಿ, ಡಾಕ್ಟರ ಪರದೆ ಮ್ಯಾಲೆ ತಪ್ಪ ಉಳೀತೈತಿ. ವೆಂಡರ್ ಡೆಮೋ ಕೊಡೂ ಮುಂದ ಒಂದು ರಿಸಲ್ಟ್ ಕಳಸ್ರಿ, ತಿದ್ದಿ ಮತ್ತೊಮ್ಮೆ ಕಳಸ್ರಿ, ಏನಾಗ್ತೈತಿ ನೋಡ್ರಿ ಅಂತ ಹೇಳ್ರಿ. ಹಂಗ ನಡುವ ಕರೆಂಟ್ ತಗಸ್ರಿ. ಬ್ರಿಡ್ಜ್ ಮೆಸೇಜನ್ನ ತನ್ನ ಕಡೆ ಇಟ್ಕೊಂಡು ಕರೆಂಟ್ ಬಂದಮ್ಯಾಲೆ ಸಾಲು ತಪ್ಪದಂಗ ಕಳಸಬೇಕು, ಆ ಕಡೆಯಿಂದ ಮುಟ್ಟೈತಿ ಅನ್ನೂ ಜವಾಬು ಬರೂತನಕಾ ಬಿಡಬಾರದು. ಮುಟ್ಟದ ಉಳದ ಮೆಸೇಜುಗಳ ಪಟ್ಟಿ ದಿನಾ ಮುಂಜಾನೆ ಯಾರು ನೋಡೂದು ಅಂತ ಒಬ್ಬರ ಹೆಸರು ಬರೀರಿ, ಹೆಸರಿಲ್ಲಂದ್ರ ಯಾರೂ ನೋಡೂದಿಲ್ಲ.

ಎಕ್ಸ್‌ರೇದು ಇದಕ್ಕಿಂತ ಹಗುರ ಕೆಲಸ. ಫೋಟೋ ಇಡಾಕ, ಕಳಸಾಕ ಡೈಕಾಮ್ ಅನ್ನೂ ಒಂದ ಪದ್ಧತಿ 1993 ರಿಂದ ಐತಿ, ಮಷೀನಿನವರೆಲ್ಲಾ ಒಪ್ಪಿದ್ದು. ವರ್ಕ್‌ಲಿಸ್ಟ್, ಅಂದ್ರ ಪೇಶಂಟ್ ಪಟ್ಟಿ ಮಷೀನಿಗೆ ತಾನ ಬರೂ ಸೌಲಭ್ಯ, ಚಾಲೂ ಮಾಡಸ್ರಿ, ಪೇಶಂಟ್ ಹೆಸರು ಟೆಕ್ನಿಷಿಯನ್ ಮತ್ತ ಟೈಪ್ ಮಾಡೂದು ತಪ್ಪತೈತಿ. ಫೋಟೋ ಇಡಾಕ ಆರ್ಥಾಂಕ್ ಅಂತ ಫ್ರೀ ಸರ್ವರ್ ಐತಿ, 60 ಬೆಡ್ಡಿಗೆ ಸಾಕು.

ಎಬಿಡಿಎಂ ಬಗ್ಗೆ ನಿಮ್ಮ ಡಾಕ್ಟರಿಗೆ ಭಯ ಇರಬಹುದು, ನಮ್ಮ ಪೇಶಂಟ್ ರೆಕಾರ್ಡೆಲ್ಲಾ ದಿಲ್ಲಿಗೆ ಹೋಗ್ತಾವು ಅಂತ. ಹಂಗಿಲ್ಲರಿ. 2021 ರ ಸೆಪ್ಟೆಂಬರ್ 27 ಕ್ಕ ದೇಶಕ್ಕೆಲ್ಲಾ ಚಾಲೂ ಆದ ಈ ಯೋಜನಾದಾಗ ರೆಕಾರ್ಡ್ ನಿಮ್ಮ ಸರ್ವರಿನ್ಯಾಗ ಉಳೀತಾವು, ಪೇಶಂಟ್ ಒಪ್ಪಿಗಿ ಕೊಟ್ಟಾಗ ಅಷ್ಟ ಕೇಳಿದವರಿಗೆ ಹೋಗ್ತಾವು. ಇದರಾಗ ಪೇಶಂಟಿಗೆ ಕೊಡೂ ಆಭಾ ನಂಬರ್ 14 ಅಂಕಿದು, ಅದು ಕಡ್ಡಾಯ ಅಲ್ಲ, ಇಲ್ಲದವರೂ ಬರ್ತಾರ. ಅದಕ್ಕ ನಿಮ್ಮ ದವಾಖಾನಿ ನಂಬರನ್ನ ತಗದು ಆ ಜಾಗಾಕ್ಕ ಆಭಾ ಹಾಕಬ್ಯಾಡ್ರಿ, ಬಾಜೂಕ ಇನ್ನೊಂದು ಕಾಲಮ್ ಇರ್ಲಿ. ಈ ಕೆಲಸ ಎಲ್ಲಾ ಹೊಸಾ ಎಚ್‌ಐಎಸ್ ನೋಡ್ಕೋತೈತಿ, ಹಳೇದಕ್ಕ ಇದರ ಸುದ್ದಿನ ಬ್ಯಾಡ.

ಸುರಕ್ಷತಾದ ಮಾತು ಒಂದ. ಲ್ಯಾಬ್ ಮಷೀನಿಗೆ ಜೋಡಿಸಿದ ಕಂಪ್ಯೂಟರ್ ವಿಂಡೋಸ್ 7 ಇಲ್ಲಾ ಎಕ್ಸ್‌ಪಿ ಇರ್ತೈತಿ, ಎಕ್ಸ್‌ಪಿಗೆ 2014 ರಾಗ, 7 ಕ್ಕ 2020 ರಾಗ ಸಪೋರ್ಟ್ ನಿಂತೈತಿ. ಹೊಸಾ ಎಚ್‌ಐಎಸ್ ಕ್ಲೌಡಿನ್ಯಾಗ ಐತಿ ಅಂತ ಆ ಕಂಪ್ಯೂಟರಿಗೆಲ್ಲಾ ಇಂಟರ್ನೆಟ್ ಕೊಡಬ್ಯಾಡ್ರಿ, ಅವನ್ನ ಬ್ಯಾರೆ ನೆಟ್‌ವರ್ಕಿನ್ಯಾಗ ಇಡ್ರಿ, ಎರಡೂ ಕಡೆ ಕಾಲು ಇರೂದು ಬ್ರಿಡ್ಜ್ ಕಂಪ್ಯೂಟರಿಂದ ಅಷ್ಟ. 2022 ರ ನವೆಂಬರಿನ್ಯಾಗ ದಿಲ್ಲಿ ಏಮ್ಸಿನ ಸರ್ವರ್ ಮ್ಯಾಲೆ ರ‍್ಯಾನ್ಸಮ್‌ವೇರ್ ದಾಳಿ (ಡೇಟಾಕ್ಕ ಕೀಲಿ ಹಾಕಿ ರೊಕ್ಕ ಕೇಳೂದು) ಆದಾಗ ಅಷ್ಟು ದೊಡ್ಡ ದವಾಖಾನಿನ ದಿನಗಟ್ಟಲೆ ಕೈಲೆ ಬರದು ಕೆಲಸ ನಡಸಬೇಕಾತು. ಬ್ಯಾಕಪ್ ಹಾಕಿದ ಡಿಸ್ಕನ್ನ ಕಂಪ್ಯೂಟರಿಗೆ ಚುಚ್ಚಿ ಬಿಡಬ್ಯಾಡ್ರಿ, ತಗದು ಕಪಾಟಿನ್ಯಾಗ ಇಡ್ರಿ.

ಸರಸೂ ಕ್ರಮ ಹಿಂಗಿರ್ಲಿ. ಮೊದಲು ರಜಿಸ್ಟ್ರೇಷನ್ ಹೊಸಾದಕ್ಕ ಹೋಗ್ಲಿ, ಅದೂ ಸೋಮವಾರ ಬ್ಯಾಡ, ಓಪಿಡಿ ತುಂಬಿರ್ತೈತಿ. ಹೊಸಾದರಾಗ ರಜಿಸ್ಟರ್ ಆದ ಪೇಶಂಟ್ ಹಳೇ ಬಿಲ್ಲಿಂಗಿಗೆ ತಾನ ಬರಬೇಕು. ಒಂದು ತಿಂಗಳು ಅದು ಸರಿ ನಡೀತಂದ್ರ ಲ್ಯಾಬ್ ಜೋಡಸ್ರಿ. ಬಿಲ್ಲಿಂಗನ್ನ ಕೊನಿಗೆ, ಏಪ್ರಿಲ್ 1 ಕ್ಕ ಸರಸ್ರಿ, ಆಡಿಟರಿಗೆ ಒಂದು ವರ್ಷದ ಲೆಕ್ಕ ಒಂದ ಕಡೆ ಸಿಗ್ತೈತಿ. ಮಾರ್ಚ್ 31 ಕ್ಕ ಅಡ್ಮಿಟ್ ಇದ್ದವರ ಬಿಲ್ಲು ಹಳೇದರಾಗನ ಮುಗೀಲಿ, ಅರ್ಧ ಅಲ್ಲೆ ಅರ್ಧ ಇಲ್ಲೆ ಮಾಡಿದ್ರ ಅಡ್ವಾನ್ಸ್ ರೊಕ್ಕ ಹೊಂದಸೂದು ಸಾಕಾಗಿ ಹೋಗ್ತೈತಿ. ಹಳೇ ಡೇಟಾ ಎಲ್ಲಾ ತರೂದು ಬ್ಯಾಡ. 2002 ರ ಮೆಡಿಕಲ್ ಕೌನ್ಸಿಲ್ ನಿಯಮದ ಪ್ರಕಾರ ಅಡ್ಮಿಟ್ ಆದವರ ರೆಕಾರ್ಡ್ 3 ವರ್ಷ ಇಡಬೇಕು, ಪೇಶಂಟ್ ಕೇಳಿದ್ರ 72 ತಾಸಿನ್ಯಾಗ ಕೊಡಬೇಕು. ಆ ಮೂರು ವರ್ಷದ್ದು ಚೊಲೊ ತಿಕ್ಕಿ ತೊಳದು ಹೊಸಾದಕ್ಕ ತರ್ರಿ, ಶುಗರ್, ಬಿಪಿ, ಕಿಡ್ನಿ ಪೇಶಂಟ್‌ಗಳದು ಅದಕ್ಕಿಂತ ಹಿಂದಿಂದೂ ತರ್ರಿ. ಉಳದದ್ದು ಹಳೇ ಸಾಫ್ಟ್‌ವೇರ್ ಸಮೇತ ಒಂದು ವರ್ಚುವಲ್ ಮಷೀನಿನ್ಯಾಗ (ಕಂಪ್ಯೂಟರಿನ ಒಳಗ ನಡಿಯೂ ಇನ್ನೊಂದು ಕಂಪ್ಯೂಟರ್ ಇದ್ದಂಗ) ಓದಾಕ ಅಷ್ಟ ಬರೂಹಂಗ ಇಡ್ರಿ, ಎಂಎಲ್‌ಸಿ (ಅಪಘಾತ, ಹೊಡದಾಟದಂಥಾ ಪೊಲೀಸರಿಗೆ ತಿಳಸೂ) ಕೇಸಿಗೆ ಕೋರ್ಟಿನವರು ಎಷ್ಟ ವರ್ಷದ ಮ್ಯಾಲೆ ಕೇಳ್ತಾರ ಹೇಳಾಕ ಬರೂದಿಲ್ಲ.

ಇನ್ನ ಪುಣೆದ ಹುಡುಗ. ಕರಸ್ರಿ, ಮೊದಲನೇ ಫೋನ್ ಅವಗ ಮಾಡ್ರಿ. ಹೊಸಾ ಪೇಶಂಟ್ ಹಳೇ ಬಿಲ್ಲಿಂಗಿಗೆ ತಾನ ಬರಬೇಕು ಅಂದೆನಲ್ಲಾ, ಅದನ್ನ ಸರಿಯಾಗಿ ಮಾಡಾಕ ಬರೂದು ಅವಗ ಒಬ್ಬಗ. ಬ್ರಿಡ್ಜ್ ಒಂದು ಫೋಲ್ಡರಿನ್ಯಾಗ ಸಣ್ಣ ಟೆಕ್ಸ್ಟ್ ಫೈಲ್ ಇಡ್ಲಿ, ಅವನ ಪ್ರೋಗ್ರಾಮು ಅದನ್ನ ಓದಿ ತನ್ನ ಸೇವ್ ಬಟನ್ನಿನ ಅದ ಕೋಡಿನ ಮೂಲಕ ಒಳಗ ಹಾಕ್ಲಿ. ಅವನ ಕಡೆ ಮೂಲ ಕೋಡ್ ಇತ್ತಂದ್ರ ಇದು ಎರಡು ಮೂರು ದಿನದ ಕೆಲಸ. ಡೇಟಾಬೇಸ್ ಪಾಸ್‌ವರ್ಡೂ ಅವನ ಕಡೆನ ಇರ್ತೈತಿ.

ಅವ ಬಂದಾಗ ಕೌಂಟರಿನ್ಯಾಗ ಎಲ್ಲಾರಿಗಿಂತ ಹಳೇ ಕ್ಲರ್ಕ್ ಯಾರದಾರ ಅವರನ್ನ ಬಾಜೂಕ ಕುಂಡ್ರಸ್ರಿ, ಒಂದೊಂದು ಕಾಲಮ್ ತಗದು ಇದರಾಗ ಖರೇನ ಏನು ಬರೀತೀರಿ ಅಂತ ಕೇಳ್ರಿ. ಹಾವೇರಿ ಕಡೆ ಒಂದು ಕಡೆ ನಾವು ಹಿಂಗ ಕುಂತಾಗ ಉದ್ಯೋಗ ಅನ್ನೂ ಕಾಲಮ್ಮಿನ್ಯಾಗ ಅಲ್ಲಲ್ಲೆ ಪಿಪಿ ಅಂತ ಇತ್ತು. ವೆಂಡರಿನ ಹುಡುಗೂರು ಅದನ್ನ ಕಸ ಅಂತ ತಗದು ಒಗಿಯೂ ಪಟ್ಟಿಗೆ ಹಾಕಿದ್ರು. ಕೌಂಟರಿನ ಅಕ್ಕಾರು ನೋಡಿ, ಅಯ್ಯ ಅದು ಪೆನ್ಸಿಲಿನ್ ಆಗಿಬರದವರ್ರಿ, ಸಾಫ್ಟ್‌ವೇರಿನ್ಯಾಗ ಅಲರ್ಜಿ ಬರಿಯಾಕ ಜಾಗಾ ಇರಲಿಲ್ಲ ಅಂತ ಇಲ್ಲೆ ಬರೀತಿದ್ವಿ ಅಂದ್ರು. ನಿಮ್ಮ ಫೈಲಿನ್ಯಾಗೂ ಅಂಥಾವು ಇದ್ದ ಇರ್ತಾವು. ಆ ಇಬ್ಬರಿಗೂ ಎರಡು ದಿನ ಬ್ಯಾರೆ ಕೆಲಸ ಹಚ್ಚಬ್ಯಾಡ್ರಿ, ಪುಣೆದವಗ ಹೋಗಿ ಬರೂ ಖರ್ಚು ಮತ್ತ ಕೆಲಸದ ರೊಕ್ಕ ಮೊದಲ ಮಾತಾಡಿ ಕೊಡ್ರಿ, ಅವರು ಹೇಳಿದ್ದನ್ನೆಲ್ಲಾ ನೀವ ಕುಂತು ಬರ್ಕೋರಿ.